ಆಲ್ಟೋನಾದಿಂದ ಪಿಆರ್: ಹಳ್ಳಿ ಪೈಲಟ್ ದಾರೀಲಿ ನಾನು ಹೋದ ಕಥೆ

ಕೆನಡಾದ ಬ್ರ್ಯಾಂಪ್ಟನ್ನು, ಕಿಚನರ್ ಕಡೆ ಬೇಸ್‌ಮೆಂಟಲ್ಲಿ ಕೂತ್ಕೊಂಡು, ಪಾಯಿಂಟ್ಸ್ ಮೇಲೆ ಪಿಆರ್‌ಗೆ ಆರಿಸೋ ಎಕ್ಸ್‌ಪ್ರೆಸ್ ಎಂಟ್ರಿ ಲೆಕ್ಕ ಹಾಕ್ತಿರೋ ನಮ್ಮ ಕಡೆ ಹುಡುಗ್ರು ಹುಡ್ಗೀರು ಸುಮಾರು ಜನ ಕೇಳ್ತಾನೇ ಇದ್ರು, ಅಕ್ಕಾ, ನೀವು ಹೋದ್ರಲ್ಲ ಆ ಹಳ್ಳಿ ದಾರಿ, ಅದ್ರಲ್ಲಿ ನಿಜವಾಗ್ಲೂ ಪಿಆರ್, ಅಂದ್ರೆ ಕೆನಡಾದಲ್ಲಿ ಕಾಯಂ ಇರೋ ಹಕ್ಕು, ಆಗುತ್ತಾ ಅಂತ. ಆಗುತ್ತೆ. ನಂಗೂ ನಮ್ಮೆಜಮಾನ್ರಿಗೂ ಆಯ್ತು. ಆದ್ರೆ ಏಜೆಂಟ್‌ಗಳು ರೀಲ್ಸಲ್ಲಿ ಹೇಳೋ ಹಾಗಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಒಂದೇ ಸಲ ಎಲ್ಲಾ ಬರೆದು ಹಾಕ್ತಿದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ಮೊದ್ಲು ನನ್ನ ಬಗ್ಗೆ ಎರಡು ಮಾತು, ಯಾಕಂದ್ರೆ ನಿಮ್ಮ ಕೇಸ್ ನನ್ನದ್ರ ಹಾಗೆ ಇರ್ಬೇಕು ಅಂತೇನಿಲ್ಲ. ಊರು ಚಳ್ಳಕೆರೆ. ಒಂಟಾರಿಯೊದಲ್ಲಿ ಎರಡು ವರ್ಷದ ಕಾಲೇಜ್ ಕೋರ್ಸ್ ಮುಗಿಸಿ, ಕೋವಿಡ್ ಟೈಮಲ್ಲಿ ಅಲ್ಲೇ ಒಂದು ವೃದ್ಧರ ಕೇರ್ ಹೋಮಲ್ಲಿ ಪಿಎಸ್‌ಡಬ್ಲ್ಯೂ ಆಗಿ ಕೆಲಸ ಮಾಡಿದೆ. ಅಂದ್ರೆ ವಯಸ್ಸಾದವ್ರಿಗೆ ಸ್ನಾನ ಮಾಡ್ಸೋದು, ಊಟ ಮಾಡ್ಸೋದು, ಎತ್ತಿ ಕೂರ್ಸೋದು. ಮೂರು ವರ್ಷದ ವರ್ಕ್ ಪರ್ಮಿಟ್ ಇತ್ತು. ಎಕ್ಸ್‌ಪ್ರೆಸ್ ಎಂಟ್ರಿ ಕಟಾಫ್ ನನ್ನ ಸ್ಕೋರ್‌ಗಿಂತ ಯಾವಾಗ್ಲೂ ಮೇಲೇನೇ.

ಆಗ ಗೊತ್ತಾಗಿದ್ದು ಆರ್‌ಎನ್‌ಐಪಿ ಬಗ್ಗೆ. ರೂರಲ್ ಆಂಡ್ ನಾರ್ದರ್ನ್ ಇಮಿಗ್ರೇಷನ್ ಪೈಲಟ್. 2019ರಲ್ಲಿ ಫೆಡರಲ್ ಸರ್ಕಾರ ಶುರು ಮಾಡಿದ್ದು, ಒಟ್ಟು 11 ಸಣ್ಣ ಊರುಗಳು ಸೇರಿದ್ವು. ಜನ ಇಲ್ಲ, ಕೆಲಸ ಇದೆ ಅನ್ನೋ ಊರು ತಾನೇ ನೋಡಿ ಆರಿಸಿ ಶಿಫಾರಸು ಮಾಡುತ್ತೆ, ಆಮೇಲೆ ಐಆರ್‌ಸಿಸಿ, ಅಂದ್ರೆ ಕೆನಡಾದ ವಲಸೆ ಇಲಾಖೆ, ಪಿಆರ್ ಕೊಡುತ್ತೆ. ಲಿಸ್ಟಲ್ಲಿ ಸಡ್ಬರಿ, ಥಂಡರ್ ಬೇ ಥರ ದೊಡ್ಡ ಊರುಗಳಿಗೆ ಎಲ್ರೂ ಮುಗಿಬಿದ್ದಿದ್ರು. ನಾನು ಕೆಳಗಡೆ ಹೋಗಿ ಆಲ್ಟೋನಾ/ರೈನ್‌ಲ್ಯಾಂಡ್ ಅನ್ನೋ ಹೆಸರು ನೋಡ್ದೆ. ಮ್ಯಾನಿಟೋಬಾ ಪ್ರಾಂತ್ಯ, ಅದ್ರ ರಾಜಧಾನಿ ವಿನ್ನಿಪೆಗ್‌ನಿಂದ ದಕ್ಷಿಣಕ್ಕೆ ಕಾರಲ್ಲಿ ಒಂದು ಗಂಟೆ ಮೇಲೆ, ಅಮೆರಿಕದ ಬಾರ್ಡರ್ ಪಕ್ಕದಲ್ಲೇ, ಜನಸಂಖ್ಯೆ 4 ಸಾವಿರ ಚಿಲ್ಲರೆ. ನಮ್ಮ ತಾಲೂಕಲ್ಲಿ ಇದಕ್ಕಿಂತ ದೊಡ್ಡ ಹಳ್ಳಿಗಳಿವೆ. ಊರ ಬಗ್ಗೆ ಹುಡುಕಿದ್ರೆ ಮೊದಲ ಫೋಟೋನೇ ಸೂರ್ಯಕಾಂತಿ ಹೊಲ. ಕೆನಡಾದ ಸೂರ್ಯಕಾಂತಿ ರಾಜಧಾನಿ ಅಂತ ಬೋರ್ಡ್ ಬೇರೆ ಹಾಕ್ಕೊಂಡಿದಾರೆ. ಅಪ್ಪಂಗೆ ಫೋನಲ್ಲಿ ಹೇಳಿದ್ರೆ, "ಅಷ್ಟು ದುಡ್ಡು ಸುರಿದು ಅಲ್ಲಿಗೆ ಹೋಗಿ ಮತ್ತೆ ಎಣ್ಣೆಕಾಳು ಊರಿಗೇ ಹೋಗ್ತೀಯೇನಮ್ಮ" ಅಂತ ನಕ್ಕರು.

ಅಪ್ಪ ಹೊಲದಲ್ಲಿ ಹಾಕ್ತಿದ್ದ ಕುಳ್ಳ ಸೂರ್ಯಕಾಂತಿ ತಳಿಗೆ ಮಾರ್ಡನ್ ಅಂತಿದ್ರು, ನಾನು ಚಿಕ್ಕೋಳಿದ್ದಾಗ ಏನೋ ಮಾಡರ್ನ್ ತಳಿ ಅಂದ್ಕೊಂಡಿದ್ದೆ. ಆಲ್ಟೋನಾದಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಹೋದ್ರೆ ಮಾರ್ಡನ್ ಅಂತ ಊರೇ ಇದೆ, ಅಲ್ಲಿ 1915ರಿಂದ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರ ಇದೆ, ಸೂರ್ಯಕಾಂತಿ ತಳಿ ಕೆಲಸ ದೊಡ್ಡದಾಗಿ ನಡೆದಿದ್ದು ಅಲ್ಲೇ. ಇದು ಗೊತ್ತಾದ ದಿನ ಅಪ್ಪ ಮಾತಾಡೋ ಧಾಟಿನೇ ಬದಲಾಯ್ತು. ಅಲ್ಲಿಗೆ ಹೋಗ್ತಾಳೆ ನನ್ನ ಮಗಳು ಅಂತ ಗೊಬ್ಬರದಂಗಡೀಲೆಲ್ಲಾ ಹೇಳ್ಕೊಂಡು ಬಂದಿದಾರೆ.

ಈಗ ಕೆಲಸದ ವಿಷಯ. ಈ ದಾರೀಲಿ ಜಾಬ್ ಆಫರ್ ಇಲ್ದೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ. ಫುಲ್ ಟೈಮ್, ಪರ್ಮನೆಂಟ್, ಆ ಊರಿನ ಗಡಿ ಒಳಗಿನ ಕೆಲಸ ಆಗಿರ್ಬೇಕು. ಒಂಟಾರಿಯೊದಲ್ಲಿ ಕೂತು ಇಮೇಲ್ ಕಳಿಸ್ತಾ ಇದ್ರೆ ಯಾರೂ ಉತ್ತರ ಕೊಡಲ್ಲ, ಯಾಕಂದ್ರೆ ಪಿಆರ್‌ಗೋಸ್ಕರ ಬಂದು ಕಾರ್ಡ್ ಬಂದ ದಿನ ಟೊರಾಂಟೊಗೆ ಓಡಿ ಹೋಗೋರನ್ನ ಅವ್ರು ಸಾಕಷ್ಟು ನೋಡಿದಾರೆ. ನಾನು ರಜೆ ಹಾಕಿ ಹೋಗಿ, ಕೇರ್ ಹೋಮ್ ಬಾಗಿಲಿಗೇ ಹೋಗಿ ರೆಸ್ಯೂಮೆ ಕೊಟ್ಟು ಬಂದೆ. ಆ ಮೇಲೆ ಫೋನ್ ಬಂತು. ಇದೇ ಕಡೆ ಒಬ್ಬ ಕನ್ಸಲ್ಟೆಂಟ್ ನಂಗೆ ರೂರಲ್ ಜಾಬ್ ಆಫರ್ ಕೊಡಿಸ್ತೀನಿ, ಇಷ್ಟು ಸಾವಿರ ಡಾಲರ್ ಕೊಡಿ ಅಂದಿದ್ದ. ದಯವಿಟ್ಟು ಕೊಡ್ಬೇಡಿ. ಮ್ಯಾನಿಟೋಬಾದಲ್ಲಿ ಕೆಲಸ ಕೊಡ್ಸೋಕೆ ಕೆಲಸಗಾರನ ಹತ್ರ ದುಡ್ಡು ತಗೊಳೋದೇ ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ರೆ ನಿಮ್ಮ ಅರ್ಜಿ ಹಾಳಾಗುತ್ತೆ, ಅವನು ಬೇರೆ ಹೆಸರಲ್ಲಿ ಇನ್ನೊಂದು ಆಫೀಸ್ ತೆಗೀತಾನೆ.

2022ರ ಮೇನಲ್ಲಿ ಶಿಫ್ಟ್ ಆದೆ. ಆ ವರ್ಷ ರೆಡ್ ರಿವರ್ ಉಕ್ಕಿ ಹೈವೇ 75 ಮಾರಿಸ್ ಹತ್ರ ಮುಚ್ಚಿಹೋಗಿತ್ತು, ಪಶ್ಚಿಮದ ಕಡೆಯಿಂದ ಸುತ್ತು ಹಾಕ್ಕೊಂಡು ಬಂದ್ವಿ. ಎರಡೂ ಕಡೆ ನೀರು, ನೀರಿನ ಮಧ್ಯೆ ಗುಡ್ಡೆ ಥರ ನಿಂತಿರೋ ರೈತರ ಮನೆಗಳು, ಗಾಡಿ ಓಡಿಸ್ತಿದ್ದ ಸ್ನೇಹಿತೆ ಇದು ಊರಾ ಸಮುದ್ರನಾ ಅಂತಿದ್ಲು. ನೀರು ಇಳಿದ ಮೇಲೆ ಮಣ್ಣು ನೋಡ್ದೆ. ಕಪ್ಪಗೆ ಅಂಟಂಟು, ಶೂ ಇಟ್ರೆ ಕಾಲು ಮೇಲೆ ಬರುತ್ತೆ ಶೂ ಅಲ್ಲೇ ಇರುತ್ತೆ. ನಮ್ಮ ಎರೆಭೂಮಿ ಮಳೆಗಾಲದಲ್ಲಿ ಹೇಗೆ ಹಿಡ್ಕೊಳ್ಳುತ್ತೋ ಹಾಗೇ. ಇಲ್ಲಿಯವ್ರು ಇದನ್ನ ಗಂಬೋ ಅಂತಾರೆ.

ಬರೋರಿಗೆ ಇಲ್ಲಿ ಒಂದಿಷ್ಟು ವಿಷಯ. ಊರಲ್ಲಿ ಬಸ್ ಇಲ್ಲ, ಕಾರ್ ಇಲ್ದೆ ಜೀವನ ಇಲ್ಲ, ಚಳಿಗಾಲಕ್ಕೆ ಕಾರಿಗೆ ಎಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ಇದ್ಯಾ ನೋಡ್ಕೊಂಡೇ ತಗೊಳ್ಳಿ, ರಾತ್ರಿ ಪ್ಲಗ್ ಹಾಕ್ದೇ ಇದ್ರೆ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಬಾಡಿಗೆ ಒಂಟಾರಿಯೊಗಿಂತ ಎಷ್ಟೋ ಕಮ್ಮಿ, ಆದ್ರೆ ಖಾಲಿ ಮನೆನೇ ಸಿಗಲ್ಲ, ಕೆಲಸದ ಜಾಗದಲ್ಲಿ ಬಾಯಿಂದ ಬಾಯಿಗೆ ಕೇಳಿನೇ ಹುಡುಕ್ಬೇಕು. ಒಂಟಾರಿಯೊ ಹೆಲ್ತ್ ಕಾರ್ಡ್ ತಕ್ಷಣ ಬಿಸಾಡ್ಬೇಡಿ, ಬೇರೆ ಪ್ರಾವಿನ್ಸಿಂದ ಬಂದ್ರೆ ಮ್ಯಾನಿಟೋಬಾ ಕವರ್ ಶುರು ಆಗೋಕೆ ಟೈಮ್ ಹಿಡಿಯುತ್ತೆ. ರೀಜನಲ್ ಕನೆಕ್ಷನ್ಸ್ ಅಂತ ಸೆಟಲ್‌ಮೆಂಟ್ ಸಂಸ್ಥೆ ಇದೆ, ದುಡ್ಡು ತಗೊಳಲ್ಲ, ಫಾರಂ ಅರ್ಥ ಆಗ್ದೇ ಇದ್ರೆ ಅಲ್ಲಿಗೆ ಹೋಗಿ. ಪಾತ್ರೆ, ಹಾಸಿಗೆ, ಚಳಿ ಕೋಟು ಎಲ್ಲಾ ಎಂಸಿಸಿ ಅನ್ನೋ ಪರಿಹಾರ ಸಂಸ್ಥೆಯ ಥ್ರಿಫ್ಟ್ ಶಾಪಲ್ಲಿ ತಗೊಂಡೆ. ಕೆನಡಾ ಅಮೆರಿಕ ಎರಡ್ರಲ್ಲೂ ಈಗ ಎಷ್ಟೋ ಕಡೆ ಇರೋ ಆ ಅಂಗಡಿಗಳ ಸರಣಿ 1972ರಲ್ಲಿ ಶುರು ಆಗಿದ್ದೇ ಈ ಆಲ್ಟೋನಾದಲ್ಲಿ ಅಂತೆ, ಹಳೇ ಸಾಮಾನು ಮಾರಿದ ದುಡ್ಡು ಬೇರೆ ದೇಶಗಳ ಪರಿಹಾರ ಕೆಲಸಕ್ಕೆ ಹೋಗುತ್ತೆ. ನನ್ನ ಪ್ರೆಶರ್ ಕುಕ್ಕರ್ ಮಾತ್ರ ಅಲ್ಲಿ ಸಿಗ್ಲಿಲ್ಲ.

ಕೆಲಸದಲ್ಲಿ ಮೊದಲ ವಾರನೇ ಒಂದು ಪಜೀತಿ. ಔಷಧಿ ಚಾರ್ಟ್ ನೋಡಿದ್ರೆ ಒಂದೇ ಕಾರಿಡಾರಲ್ಲಿ ಫ್ರೀಸನ್, ಫ್ರೀಸನ್, ಪೆನ್ನರ್, ವೀಬ್, ಫ್ರೀಸನ್, ಹೀಬರ್ಟ್, ಮತ್ತೆ ಪೆನ್ನರ್. ಇವ್ರೆಲ್ಲಾ ಮೆನೊನೈಟ್ ಅನ್ನೋ ಕ್ರಿಶ್ಚಿಯನ್ ಪಂಗಡದ ಜನ. ಹಳೇ ಕಾಲದಿಂದ ಇವ್ರೊಳಗೆ ಇವ್ರೇ ಮದುವೆ ಆಗ್ತಾ ಬಂದಿರೋದ್ರಿಂದ ಮನೆತನದ ಹೆಸರುಗಳು ಬೆರಳೆಣಿಕೆ ಅಷ್ಟೇ. ವಯಸ್ಸಾದವ್ರು ಪ್ಲಾಟ್‌ಡೀಚ್ ಅನ್ನೋ ಕೆಳ ಜರ್ಮನ್ ಭಾಷೆ ಮಾತಾಡ್ತಾರೆ, ಮರೆವಿನ ಕಾಯಿಲೆ ಇರೋರಿಗೆ ಇಂಗ್ಲಿಷ್ ಹೋಗಿ ಅದೊಂದೇ ಉಳಿದಿರುತ್ತೆ. ಹೊಸಬರು ಬಂದ್ರೆ ಮೊದಲು ಕೇಳೋದು, ನೀನು ಯಾರ ಪೈಕಿ, ನಿಮ್ಮಮ್ಮ ಯಾರ ಮಗಳು. ಒಬ್ಬ ಅಜ್ಜಿ ನನ್ನೂ ಕೇಳಿದ್ರು. ಚಳ್ಳಕೆರೆ ಅಂದೆ. ಅದು ಇಲ್ಲೇ ಪಕ್ಕದ ವಿಂಕ್ಲರ್ ಆಚೆ ಕಡೆನಾ ಅಂದ್ರು.

ಹೆಸರಿನ ತಾಪತ್ರಯ ನನಗೂ ಇತ್ತು, ಉಲ್ಟಾ. ನಮ್ಮ ಕಡೆಯವ್ರು ಇದನ್ನ ಗಮನ ಇಟ್ಟು ಓದಿ. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರೂ ಇನಿಷಿಯಲ್ಲೂ ಎಲ್ಲಾ ಗಿವನ್ ನೇಮಲ್ಲೇ ಇದೆ. ಐಆರ್‌ಸಿಸಿ ನಿಯಮ ಏನಂದ್ರೆ ಸರ್‌ನೇಮ್ ಇಲ್ದೇ ಇದ್ರೆ ಪೂರ್ತಿ ಹೆಸರನ್ನ ಫ್ಯಾಮಿಲಿ ನೇಮ್ ಕಾಲಮ್ಮಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡ್ಬೇಕು. ಪರ್ಮಿಟ್ ಹಾಗೇ ಬಂತು. ಆದ್ರೆ ಕಾಲೇಜಿನವ್ರು ಮೊದಲ ಹೆಸರಿಗೆ ಒಂದು ಚುಕ್ಕಿ ಇಟ್ಟಿದ್ರು, ಹಳೇ ಎಂಪ್ಲಾಯರ್ ಪೇರೋಲ್‌ನವ್ರು ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನ ಸರ್‌ನೇಮ್ ಮಾಡಿದ್ರು, ಬ್ಯಾಂಕಲ್ಲಿ ಇನ್ನೊಂದು ಥರ. ಮುಂದೆ ಅರ್ಜಿ ಹಾಕುವಾಗ ಇವೆಲ್ಲಾ ಒಬ್ಬಳೇ ಅಂತ ತೋರಿಸೋಕೆ ಪ್ರಮಾಣಪತ್ರ ಮಾಡಿಸಿ, ಎಲ್ಲೆಲ್ಲಿ ಹೇಗೆ ಬರೆದಿದೆ ಅಂತ ಒಂದು ಟೇಬಲ್ ಹಾಕಿ, ಎಕ್ಸ್‌ಪ್ಲನೇಶನ್ ಲೆಟರ್ ಜೊತೆ ಸೇರಿಸ್ದೆ. ಊರಿಂದ ಹೊರಡೋಕೆ ಮುಂಚೆನೇ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಹಾಕಿಸ್ಕೊಂಡ್ರೆ ಇಷ್ಟು ಗೋಳಿಲ್ಲ.

ಇನ್ನು ಅರ್ಹತೆ. ಹಿಂದಿನ 3 ವರ್ಷದಲ್ಲಿ 1,560 ಗಂಟೆ ಅನುಭವ, ಅಂದ್ರೆ ಒಂದು ವರ್ಷದ ಫುಲ್ ಟೈಮ್. ಭಾಷೆ ನನ್ನ ಕೆಲಸದ ಲೆವೆಲ್‌ಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 5 ಸಾಕಿತ್ತು, ಟೆಸ್ಟ್ ರಿಸಲ್ಟ್ 2 ವರ್ಷ ನಡೆಯುತ್ತೆ. ಕೆನಡಾದಲ್ಲಿ ಓದಿದ ಸರ್ಟಿಫಿಕೇಟ್ ಇದ್ರೆ ಇಂಡಿಯಾ ಡಿಗ್ರಿಗೆ ಇಸಿಎ, ಅಂದ್ರೆ ಅದು ಕೆನಡಾದ ಯಾವ ಓದಿಗೆ ಸಮ ಅನ್ನೋ ಸರ್ಟಿಫಿಕೇಟ್, ಮಾಡ್ಸೋ ಅವಶ್ಯಕತೆನೇ ಇಲ್ಲ, ಇದು ಗೊತ್ತಿಲ್ದೆ ಎಷ್ಟೋ ಜನ ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್‌ಗೆ ತಿಂಗಳುಗಟ್ಟಲೆ ಅಲೆದಿದಾರೆ. ಇಲ್ಲೇ ಪರ್ಮಿಟ್ ಮೇಲೆ ಕೆಲಸ ಮಾಡ್ತಿದ್ರೆ ಬ್ಯಾಂಕಲ್ಲಿ ಸೆಟಲ್‌ಮೆಂಟ್ ದುಡ್ಡು ತೋರಿಸೋದೂ ಬೇಕಾಗಿರ್ಲಿಲ್ಲ. ನನಗೆ ಕಷ್ಟ ಆಗಿದ್ದು ಅನುಭವದ ಲೆಟರ್. ಹಳೇ ಕಡೆ ಮ್ಯಾನೇಜರ್ ಬದಲಾಗಿದ್ರು, ಹೊಸಬರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ, ಸಂಬಳ ಎಷ್ಟು ಅಂತ ಬರೀದೇ ಎರಡು ಸಾಲು ಬರೆದು ಕಳಿಸ್ತಿದ್ರು. ಕೊನೆಗೆ ನಾನೇ ಡ್ರಾಫ್ಟ್ ಬರೆದು, ಪೇ ಸ್ಟಬ್ ಗಂಟೆಗಳನ್ನ ಕೂಡಿಸಿ ಕೊಟ್ಟ ಮೇಲೆ ಸಹಿ ಬಿತ್ತು. ಕೆಲಸ ಬಿಡೋ ದಿನವೇ ಈ ಲೆಟರ್ ತಗೊಂಡು ಬಿಡಿ.

ಊರಿನ ಶಿಫಾರಸು ಪತ್ರ ಅನ್ನೋದು ಪಾಯಿಂಟ್ಸ್ ಮೇಲೂ ಹೋಗುತ್ತೆ, ಮನುಷ್ಯರ ಮೇಲೂ ಹೋಗುತ್ತೆ. ಅದಕ್ಕೆ ಊರಿನವ್ರು ಇಂಟರ್‌ವ್ಯೂ ಮಾಡಿ ಕೇಳೋದು, ಎಲ್ಲಿ ಕೆಲಸ, ಊರಿನ ಜೊತೆ ನಂಟೇನು, ಇಲ್ಲಿ ಯಾರು ಗೊತ್ತು, ಗಂಡ ಬಂದ್ರೆ ಏನು ಮಾಡ್ತಾರೆ, ಇಲ್ಲೇ ಇರ್ತೀರಾ. ಆ ಕೊನೆ ಪ್ರಶ್ನೆಗೆ ಎಲ್ರೂ ಹೌದು ಅಂತಾನೇ ಅಂತಾರೆ, ಅದು ಅವ್ರಿಗೂ ಗೊತ್ತು. ನಾನು ಏನೇನೋ ರೆಡಿ ಮಾಡ್ಕೊಂಡು ಹೋಗಿದ್ದೆ. ಆದ್ರೆ ನಂಗೆ ಉಪಯೋಗ ಆಗಿದ್ದು ಆ ಅಜ್ಜಿ ಜೊತೆ ನ್ಯೂಬರ್ಗ್‌ಥಾಲ್‌ಗೆ ಹೋಗಿ ಬಂದಿದ್ದು.

ಆಲ್ಟೋನಾಗೆ ಹತ್ತಿರದಲ್ಲೇ ಇರೋ ಹಳ್ಳಿ ಅದು, 1876ರಲ್ಲಿ ಶುರುವಾಗಿದ್ದು, ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಅಜ್ಜಿ ಮಗಳು ಕಾರ್ ಓಡಿಸಿದ್ರು, ನಾನು ಹಿಂದೆ ವೀಲ್‌ಚೇರ್ ಹಿಡ್ಕೊಂಡು. ಪ್ರೇರಿಯಲ್ಲಿ ಬೇರೆ ಕಡೆ ಒಂದು ಮನೆಯಿಂದ ಇನ್ನೊಂದು ಮನೆ ಮೈಲಿ ದೂರ, ಸರ್ಕಾರ 160 ಎಕರೆ ಚೌಕ ಚೌಕ ಮಾಡಿ ಹಂಚಿದ್ದೇ ಹಾಗೆ. ಇಲ್ಲಿ ಹಾಗಲ್ಲ, ಒಂದೇ ಬೀದಿ, ಎರಡೂ ಕಡೆ ಸಾಲಾಗಿ ಮನೆಗಳು, ಎತ್ತರದ ಕಾಟನ್‌ವುಡ್ ಮರಗಳು, ಮನೆ ಹಿಂದೆ ಉದ್ದುದ್ದ ಹಿತ್ತಲು. ಮನೆಗೂ ಕೊಟ್ಟಿಗೆಗೂ ಒಂದೇ ಸೂರು, ಅಡುಗೆಮನೆಯಿಂದ ಬಾಗಿಲು ತೆಗೆದ್ರೆ ದನದ ಕೊಟ್ಟಿಗೆ. ಮಧ್ಯದಲ್ಲಿ ದೊಡ್ಡ ಇಟ್ಟಿಗೆ ಒಲೆ, ನಾಲ್ಕೂ ಕೋಣೆ ಗೋಡೆಗೆ ತಾಗೋ ಹಾಗೆ ಕಟ್ಟಿದಾರೆ, ಒಂದು ಕಡೆ ಬೆಂಕಿ ಹಾಕಿದ್ರೆ ಮನೆಯೆಲ್ಲಾ ಬೆಚ್ಚಗೆ. ಬಯಲು ಸೀಮೇಲಿ ಸೌದೆ ಎಲ್ಲಿಂದ ಬರುತ್ತೆ ಅಂತ ಕೇಳ್ದೆ. ಸಗಣಿ ಹುಲ್ಲು ಸೇರಿಸಿ ತುಳಿದು ಇಟ್ಟಿಗೆ ಥರ ಕೊಯ್ದು ಒಣಗಿಸಿ ಪೇರಿಸಿಡ್ತಿದ್ರಂತೆ, ಅಜ್ಜಿಯ ಅಜ್ಜಿ ಅದನ್ನ ಮಾಡ್ತಿದ್ರಂತೆ. ಬೆರಣಿ! ನಾನು ಫೋನಲ್ಲಿ ನಮ್ಮಜ್ಜಿ ಬೆರಣಿ ತಟ್ಟೋ ಫೋಟೋ ತೋರಿಸ್ದೆ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ದುಂಡಗೆ ಯಾಕೆ ಮಾಡ್ತೀರಾ, ಪೇರಿಸೋಕೆ ಕಷ್ಟ ಅಲ್ವಾ ಅಂದ್ರು. ಉತ್ತರ ಇನ್ನೂ ಕೊಟ್ಟಿಲ್ಲ.

ಇವ್ರು ಬಂದ ಕಥೆ ಕೇಳಿದ್ರೆ ನಮ್ಮ ಅರ್ಜಿ ಫೈಲ್ ಓದಿದ ಹಾಗಿರುತ್ತೆ. ಇವ್ರು ಇದ್ದಿದ್ದು ಆಗಿನ ದಕ್ಷಿಣ ರಷ್ಯಾದಲ್ಲಿ, ಈಗಿನ ಉಕ್ರೇನು. ಯುದ್ಧಕ್ಕೆ ಹೋಗಲ್ಲ ಅನ್ನೋದು ಇವ್ರ ಧರ್ಮ, 1870ರ ದಶಕದಲ್ಲಿ ಝಾರ್ ಸರ್ಕಾರ ಎಲ್ಲಾ ಗಂಡಸ್ರಿಗೂ ಸೈನ್ಯ ಕಡ್ಡಾಯ ಮಾಡೋಕೆ ಹೊರಟಾಗ ಬೇರೆ ದೇಶ ಹುಡುಕಿದ್ರು. 1873ರ ಬೇಸಿಗೇಲಿ 12 ಜನ ಪ್ರತಿನಿಧಿಗಳನ್ನ ಮುಂಚೆ ಕಳಿಸಿ ಜಾಗ ನೋಡ್ಕೊಂಡು ಬರೋಕೆ ಹೇಳಿದ್ರು. ಈಗ ಕೆಲವು ಊರುಗಳು ಎಕ್ಸ್‌ಪ್ಲೋರೇಟರಿ ವಿಸಿಟ್ ಅಂತ ಕೇಳ್ತಾವಲ್ಲ, ಅದೇ ಕೆಲಸ. ಮ್ಯಾನಿಟೋಬಾದಲ್ಲಿ ಸೊಳ್ಳೆ ಹೊಡ್ಕೊಂಡು ಹೊಡ್ಕೊಂಡು ಸಾಕಾಗಿ ಸುಮಾರು ಜನ ಅಮೆರಿಕಾನೇ ವಾಸಿ ಅಂದ್ರು, ಆದ್ರೆ ಕೆನಡಾದ ರಾಜಧಾನಿ ಒಟ್ಟಾವಾದ ಕೃಷಿ ಇಲಾಖೆ ಆ ವರ್ಷ ಜುಲೈನಲ್ಲಿ ಒಂದು ಪತ್ರ ಕೊಡ್ತು. ಸೈನ್ಯದಿಂದ ವಿನಾಯಿತಿ, ಒಬ್ಬೊಬ್ಬರಿಗೆ 160 ಎಕರೆ, ನಿಮ್ಮ ಶಾಲೆ ನಿಮ್ಮ ಧರ್ಮದ ಪ್ರಕಾರ ನಡೆಸ್ಕೊಳ್ಳಿ ಅಂತ. ಆ ಪತ್ರ ನಂಬ್ಕೊಂಡು 1874ರಿಂದ 1880ರ ಒಳಗೆ ಸುಮಾರು 7 ಸಾವಿರ ಜನ ಮ್ಯಾನಿಟೋಬಾಗೆ ಬಂದ್ರು. ಮೊದಲ ತಂಡ ಸ್ಟೀಮರಲ್ಲಿ ರೆಡ್ ರಿವರ್ ಮೇಲೆ ಬಂದು ಇಳಿದಿದ್ದು ಪೂರ್ವ ದಡದಲ್ಲಿ, ಆಲ್ಟೋನಾ ಇರೋ ಪಶ್ಚಿಮ ದಡಕ್ಕೆ ಮುಂದಿನ ವರ್ಷ. ಮೊದಲ ಚಳಿಗಾಲ ಎಷ್ಟೋ ಜನ ನೆಲ ತೋಡಿ ಮೇಲೆ ಹುಲ್ಲುಹೆಂಟೆ ಮುಚ್ಚಿದ ಗುಂಡಿ ಮನೇಲಿ ಕಳೆದ್ರು. ಬೆಳೆ ಮಿಡತೆ ತಿಂದು ಹೋಯ್ತು. ಕೆನಡಾ ಸರ್ಕಾರದ ಸಾಲ ತಗೊಂಡ್ರು, ಒಂಟಾರಿಯೊದಲ್ಲಿ ಮುಂಚೆನೇ ಇದ್ದ ಮೆನೊನೈಟ್‌ಗಳು ಅದಕ್ಕೆ ಜಾಮೀನು ನಿಂತ್ರು, ವರ್ಷಗಟ್ಟಲೆ ತೀರಿಸಿದ್ರು.

ಇದನ್ನ ಹೇಳುವಾಗ ಇಲ್ಲಿಯವ್ರು ಸಾಮಾನ್ಯವಾಗಿ ಖಾಲಿ ಜಾಗಕ್ಕೆ ಬಂದ್ವಿ ಅಂತಾರೆ. ಖಾಲಿ ಇರ್ಲಿಲ್ಲ. ಮೂರು ವರ್ಷ ಮುಂಚೆ, 1871ರಲ್ಲಿ, ಇಲ್ಲಿನ ಮೂಲ ನಿವಾಸಿಗಳಾದ ಅನಿಶಿನಾಬೆ ಮತ್ತೆ ಕ್ರೀ ಜನರ ಜೊತೆ ಸರ್ಕಾರದ ಟ್ರೀಟಿ 1 ಒಪ್ಪಂದ ಆಗಿತ್ತು, ಮೂಲ ನಿವಾಸಿ ಯುರೋಪಿಯನ್ ಎರಡೂ ಮೂಲದ ಮೇಟಿ ಜನರೂ ಈ ನದಿ ದಡದಲ್ಲೇ ಇದ್ರು. ಆ ಮೂಲ ನಿವಾಸಿಗಳಿಗೆ ಒಪ್ಪಂದದಲ್ಲಿ ಬರೆದುಕೊಟ್ಟಿದ್ದು ಎಷ್ಟು ನಡೀತು ಅನ್ನೋದು ಬೇರೆನೇ ಕಥೆ. ಈಗಿನ ಹುಡುಗ್ರು ಅದನ್ನ ಬಾಯಿ ಬಿಟ್ಟು ಹೇಳ್ತಾರೆ, ಅಜ್ಜಂದಿರು ಅಷ್ಟಾಗಿ ಹೇಳಲ್ಲ.

ಇಂಟರ್‌ವ್ಯೂನಲ್ಲಿ ಆ ಇಲ್ಲೇ ಇರ್ತೀರಾ ಪ್ರಶ್ನೆ ಬಂದಾಗ ನಾನು ಕಾಂಟ್ರಾಕ್ಟ್, ಲೀಸ್ ಎಲ್ಲಾ ತೋರಿಸಿ, ಆಮೇಲೆ ನ್ಯೂಬರ್ಗ್‌ಥಾಲ್ ಒಲೆ ವಿಷಯ ಹೇಳ್ದೆ. ಆಮೇಲೆ ಇಂಟರ್‌ವ್ಯೂ ಇಂಟರ್‌ವ್ಯೂ ಥರ ಇರ್ಲೇ ಇಲ್ಲ, ಅವರಲ್ಲೊಬ್ಬರು ತಮ್ಮ ತಾತನ ಕೊಟ್ಟಿಗೆ ಕಥೆ ಶುರು ಮಾಡಿದ್ರು. ಇದನ್ನ ಟ್ರಿಕ್ ಅಂದ್ಕೊಂಡು ಒಲೆ ಬಗ್ಗೆ ಬಾಯಿಪಾಠ ಮಾಡ್ಕೊಂಡು ಹೋಗ್ಬೇಡಿ, ಸಣ್ಣ ಊರಲ್ಲಿ ಯಾರು ಎಲ್ಲಿಗೆ ಬರ್ತಾರೆ ಯಾರು ಬರಲ್ಲ ಅಂತ ಮುಂಚೆನೇ ಎಲ್ರಿಗೂ ಗೊತ್ತಿರುತ್ತೆ. ಭಾನುವಾರ ಮಧ್ಯಾಹ್ನ ಫಾಸ್ಪಾ ಅಂತ ಮಾಡ್ತಾರೆ, ಬನ್ನು, ಚೀಸು, ಜಾಮು, ಕಾಫಿ ಅಷ್ಟೇ, ಕರೆದ್ರೆ ಹೋಗಿ. ಜುಲೈನಲ್ಲಿ ಸನ್‌ಫ್ಲವರ್ ಫೆಸ್ಟಿವಲ್ ಇರುತ್ತೆ, ವಾಲಂಟಿಯರ್ ಬೇಕು ಅಂತಾರೆ, ಸೇರ್ಕೊಳ್ಳಿ. ನಾನು ಊರಲ್ಲಿ ನಿಲ್ಸಿರೋ, ವಾನ್ ಗೋ ಸೂರ್ಯಕಾಂತಿ ಚಿತ್ರ ಇರೋ ದೈತ್ಯ ಈಸಲ್ (ಚಿತ್ರದ ಸ್ಟ್ಯಾಂಡ್) ಹತ್ರ ಕಸ ಎತ್ತೋ ಕೆಲಸ ಮಾಡಿದೀನಿ. ಎಲ್ರೂ ಸೂರ್ಯಕಾಂತಿ ಬೀಜ ಬಾಯಲ್ಲೇ ಒಡೆದು ಸಿಪ್ಪೆ ಉಗುಳ್ತಾ ಇರ್ತಾರೆ, ಗುಡಿಸಿ ಗುಡಿಸಿ ಸಾಕಾಯ್ತು.

2023ರ ಕೊನೇಲಿ ಶಿಫಾರಸು ಸಿಕ್ತು. ಅಷ್ಟೊತ್ತಿಗೆ ಹಳೇ ಪರ್ಮಿಟ್ ಮುಗಿಯೋದ್ರಲ್ಲಿತ್ತು, ಆ ವರ್ಷ ಸರ್ಕಾರ ನಮ್ಮಂಥವ್ರಿಗೆ 18 ತಿಂಗಳ ಎಕ್ಸ್‌ಟೆನ್ಶನ್ ಕೊಟ್ಟಿದ್ದಕ್ಕೆ ಬಚಾವ್. ಈಗ ಆ ಸೌಲಭ್ಯ ಇಲ್ಲ, ಹಾಗಾಗಿ ಪರ್ಮಿಟ್ ಮುಗಿಯೋ ದಿನದಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ, ಕೊನೇ ವರ್ಷಕ್ಕೆ ಇಟ್ಕೊಂಡ್ರೆ ನಿದ್ದೆ ಬರಲ್ಲ.

ಪಿಆರ್ ಅರ್ಜಿಗೆ ಬೇಕಾದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ) ಬಗ್ಗೆ ಒಂದು ಮಾತು. ಹಿಂದಿನ 10 ವರ್ಷದಲ್ಲಿ ಒಂದೇ ಸಮನೆ 6 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದ ದೇಶದ್ದೆಲ್ಲಾ ಬೇಕು, ಕೆನಡಾದ್ದು ಬೇಡ. ಇಂಡಿಯಾ ಬಿಟ್ಟ ಮೇಲೆ ಮಾಡ್ಸಿದ ಪಿಸಿಸಿ ಆದ್ರೆ, ವಾಪಸ್ ಹೋಗಿ 6 ತಿಂಗಳು ಇರ್ದೇ ಇದ್ರೆ, ಹಳೇದಾದ್ರೂ ನಡೆಯುತ್ತೆ. ನನ್ನದು ಊರಿನ ವೆರಿಫಿಕೇಶನ್‌ಗೆ ಹೋಯ್ತು. ಪೊಲೀಸ್ನೋರು ಮನೆಗೆ ಬಂದು ಅಕ್ಕಪಕ್ಕದವ್ರ ಸಹಿ ಬೇಕು ಅಂದ್ರೆ ಬೀದಿ ಪೂರ್ತಿ ಬೀಗ, ಎಲ್ರೂ ನಾಯಕನಹಟ್ಟಿ ಜಾತ್ರೆಗೆ ಹೋಗಿದ್ರು. ಅಪ್ಪ ಬೈಕ್ ತಗೊಂಡು ಜಾತ್ರೇಲೇ ಪಕ್ಕದ ಮನೆಯವ್ರನ್ನ ಹುಡುಕಿ ಕರ್ಕೊಂಡು ಬಂದ್ರು. ಅವತ್ತಿಂದ ನಮ್ಮ ಬೀದೀಲಿ ನನ್ನ ಮೇಲೆ ಕೆನಡಾದಲ್ಲಿ ಏನೋ ಕೇಸ್ ಆಗಿದೆ ಅಂತ ಸುದ್ದಿ, ಅಮ್ಮ ಇವತ್ತಿಗೂ ಅದನ್ನ ಸರಿ ಮಾಡ್ತಿದಾರೆ.

ಖರ್ಚು ಕೇಳ್ತೀರಲ್ಲ, ಹೇಳ್ತೀನಿ. ನಾನು 2024ರ ಏಪ್ರಿಲ್ ಮುಗಿಯೋಕೆ ಮುಂಚೆ ಹಾಕಿದ್ದಕ್ಕೆ ಒಬ್ಬರಿಗೆ 850 ಡಾಲರ್ ಅರ್ಜಿ ಫೀಸು, 515 ಪಿಆರ್ ಹಕ್ಕಿನ ಫೀಸು, ಒಟ್ಟು 1,365. ಇಬ್ಬರಿಗೆ 2,730. ಏಪ್ರಿಲ್ 30ರಿಂದ ಅದು 950 ಮತ್ತೆ 575 ಆಯ್ತು, ಅಂದ್ರೆ ತಲೆಗೆ 1,525, ಮುಂದೆ ಬರೋರು ಸೈಟಲ್ಲಿ ನೋಡ್ಕೊಳ್ಳಿ. ಬಯೋಮೆಟ್ರಿಕ್ಸ್ 85, ವರ್ಕ್ ಪರ್ಮಿಟ್ 155. ಇದ್ರ ಜೊತೆ ಮೆಡಿಕಲ್, ಭಾಷೆ ಟೆಸ್ಟು, ನೋಟರಿ, ವಿನ್ನಿಪೆಗ್ ಓಡಾಟದ ಪೆಟ್ರೋಲು, ಅವತ್ತಿನ ಶಿಫ್ಟ್ ಹೋದ ಸಂಬಳ. ಈ ಕೊನೇದನ್ನ ಯಾರೂ ಲೆಕ್ಕ ಹಾಕಲ್ಲ, ಆದ್ರೆ ಕೈ ಕಚ್ಚೋದು ಅದೇ.

ಆಮೇಲೆ ಶುರು ಆಯ್ತು ಕಾಯೋದು. ಅರ್ಜಿ ತಲುಪಿದೆ ಅನ್ನೋ ಎಓಆರ್ ಬರೋಕೇ ತಿಂಗಳುಗಳು. ಅದು ಬಂದ್ರೆನೇ ಪೈಲಟ್ ಲೆಕ್ಕದ ಹೊಸ ವರ್ಕ್ ಪರ್ಮಿಟ್‌ಗೆ ಹಾಕ್ಬೋದು, ಅದ್ರ ಮೇಲೆ ಗಂಡನ ಓಪನ್ ಪರ್ಮಿಟ್. 2024ರ ಆಗಸ್ಟ್ ಕೊನೇಲಿ ಆರ್‌ಎನ್‌ಐಪಿ ಪ್ರೋಗ್ರಾಮೇ ಮುಚ್ಚಿದ್ರು. ಒಳಗೆ ಇರೋ ಅರ್ಜಿಗೆ ತೊಂದ್ರೆ ಇಲ್ಲ ಅಂತ ಗೊತ್ತಿದ್ರೂ ಹೊಟ್ಟೇಲಿ ಏನೋ ಸಂಕಟ. ಮೆಡಿಕಲ್ 12 ತಿಂಗಳಷ್ಟೇ ನಡೆಯೋದು, ಕಾಯ್ತಾ ಕಾಯ್ತಾ ನಮ್ಮದು ಮುಗಿದು ಹೋಯ್ತು, ಮತ್ತೆ ಮಾಡ್ಸಿ ಅಂತ ಮೇಲ್ ಬಂತು. ಡಾಕ್ಟರ್ ಇರೋದು ವಿನ್ನಿಪೆಗಲ್ಲಿ, ಅಪಾಯಿಂಟ್‌ಮೆಂಟ್ ಜನವರೀಲಿ. ಅವತ್ತು ಗಾಳಿಗೆ ಹಿಮ ಎದ್ದು ರೋಡೇ ಕಾಣ್ತಿರ್ಲಿಲ್ಲ, ಸಿಎಫ್‌ಎಎಂ ರೇಡಿಯೋದಲ್ಲಿ ಹೈವೇ ಬಂದ್ ಅಂದ್ರು. 1957ರಿಂದ ಆಲ್ಟೋನಾದಲ್ಲಿ ಇರೋ ಸ್ಟೇಷನ್ ಅದು, ಕೆನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ರೇಟು, ಸಾವಿನ ಸುದ್ದಿ, ರೋಡ್ ಮುಚ್ಚಿರೋದು ಮೂರೂ ಒಂದೇ ದನೀಲಿ ಹೇಳ್ತಾರೆ. ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಯ್ತು. ಕ್ಲಿನಿಕ್‌ನವ್ರು ಫೋನಲ್ಲಿ ಬೇಸರ ಮಾಡ್ಕೊಳ್ಳಲಿಲ್ಲ, ಅವ್ರಿಗೆ ಇದು ಮಾಮೂಲು.

ಆ ಚಳಿಗಾಲದಲ್ಲಿ ಅಜ್ಜಿ ದಿನಾ ಕೇಳೋರು, ಒಟ್ಟಾವಾದಿಂದ ಕಾಗದ ಬಂತಾ ಅಂತ. ಇಲ್ಲ ಅಂದ್ರೆ, ಬಂದ ಮೇಲೂ ಕಾಪಿ ತೆಗೆದಿಟ್ಕೋ ಅಂತಿದ್ರು. ಯಾಕೆ ಅಂದ್ರೆ ಅವ್ರ ಮನೆತನದಲ್ಲಿ ಆ 1873ರ ಪತ್ರದ ಮಾತು ಇನ್ನೂ ಮಾಸಿಲ್ಲ. ಶಾಲೆ ನಿಮ್ಮಿಷ್ಟದಂತೆ ಅಂತ ಬರೆದುಕೊಟ್ಟಿದ್ರು, 1916ರಲ್ಲಿ ಮ್ಯಾನಿಟೋಬಾ ಸರ್ಕಾರ ಇಂಗ್ಲಿಷಲ್ಲೇ ಕಲೀಬೇಕು, ಮಕ್ಕಳು ಶಾಲೆಗೆ ಬರ್ಲೇಬೇಕು ಅಂತ ಕಾನೂನು ಮಾಡ್ತು. ಶಿಕ್ಷಣ ಪ್ರಾಂತ್ಯದ ವಿಷಯ, ಒಟ್ಟಾವಾ ಕೊಟ್ಟ ಮಾತು ಇಲ್ಲಿ ನಡೆಯಲ್ಲ ಅಂತ ಕೋರ್ಟು ಹೇಳ್ತು. ಮಕ್ಕಳನ್ನ ಕಳಿಸ್ದೇ ಇದ್ದವ್ರಿಗೆ ದಂಡ ಬಿತ್ತು. ಸಾವಿರಾರು ಜನ ಮನೆಮಠ ಮಾರಿ 1922ರಿಂದ ಮೆಕ್ಸಿಕೊಗೆ, ಆಮೇಲೆ ಪರಾಗ್ವೆಗೆ ಹೋದ್ರು. ಅಜ್ಜಿಯ ಚಿಕ್ಕಪ್ಪನ ಸಂಸಾರ ಮೆಕ್ಸಿಕೊಗೆ ಹೋಗಿದ್ದು, ಅವ್ರ ಮೊಮ್ಮಕ್ಕಳು ವಾಪಸ್ ಬಂದು ಈಗ ವಿಂಕ್ಲರಲ್ಲಿ ಕೆಲಸ ಮಾಡ್ತಿದಾರೆ, ಸ್ಪ್ಯಾನಿಷೂ ಪ್ಲಾಟ್‌ಡೀಚೂ ಕಲಸಿ ಮಾತಾಡ್ತಾರೆ. ಹೋದವ್ರೂ ನಮ್ಮವ್ರೇ, ಉಳಿದವ್ರೂ ನಮ್ಮವ್ರೇ, ಬಂದವ್ರೂ ನಮ್ಮವ್ರೇ, ಹಾಗಾಗಿ ಈ ಊರವ್ರು ಇಲ್ಲೇ ಇರ್ತೀಯಾ ಅಂತ ಕೇಳಿದ್ರೆ ಕೋಪ ಮಾಡ್ಕೊಬೇಡ ಅಂದ್ರು ಅಜ್ಜಿ ಮಗಳು.

ಈ ಮಧ್ಯೆ ನಮ್ಮೆಜಮಾನ್ರು ಬಂದ್ರು, ಕುಯ್ಲಿನ ಟೈಮಲ್ಲಿ ಗ್ರೇನ್ ಟ್ರಕ್ ಕೆಲಸ ಸಿಕ್ತು. ಕೆನೋಲಾ ಲೋಡು ಊರಿನ ಎಣ್ಣೆ ಫ್ಯಾಕ್ಟರಿಗೆ ಹೋಗುತ್ತೆ. 1940ರ ದಶಕದಲ್ಲಿ ಇಲ್ಲಿನ ರೈತರೇ ಸಹಕಾರ ಸಂಘ ಮಾಡ್ಕೊಂಡು ಸೂರ್ಯಕಾಂತಿ ಎಣ್ಣೆಗೆ ಅಂತ ಕಟ್ಟಿದ ಮಿಲ್ಲು, ಈಗ ದೊಡ್ಡ ಕಂಪನಿ ಕೈಲಿದೆ, ಅರೆಯೋದು ಕೆನೋಲಾ. ದಕ್ಷಿಣದ ಗಾಳಿ ಬೀಸೋ ದಿನ ಬಿಸಿ ಹಿಂಡಿ ವಾಸನೆ ಬರುತ್ತೆ, ಚಳ್ಳಕೆರೆ ಮಿಲ್ಲುಗಳ ರೋಡಲ್ಲಿ ಓಡಾಡಿದವ್ರಿಗೆ ಗೊತ್ತು ಅದು ಯಾವ ವಾಸನೆ ಅಂತ. ಅವ್ರು ಬೆಂಗಳೂರಲ್ಲಿ ಹುಟ್ಟಿದವ್ರು, ಮೂಗು ಮುಚ್ಕೊತಾರೆ.

ಕೊನೆಗೆ 2025ರಲ್ಲಿ ಪೋರ್ಟಲ್ ಮೇಲ್ ಬಂತು. ನೀವು ಕೆನಡಾ ಒಳಗೆ ಇದೀರಾ, ವಿಳಾಸ ಏನು, ಫೋಟೋ ಹಾಕಿ ಅಂತ. ಮೇಲ್ ಸ್ಪ್ಯಾಮಲ್ಲಿ ಬೀಳ್ಬೋದು, ದಿನಾ ನೋಡಿ. ಫೋಟೋ ಪಿಆರ್ ಕಾರ್ಡ್ ಅಳತೆದೇ ಬೇಕು, ಪಾಸ್‌ಪೋರ್ಟ್ ಫೋಟೋ ಹಾಕಿದ್ರೆ ವಾಪಸ್ ಬರುತ್ತೆ. ಆಮೇಲೆ ಇ-ಸಿಓಪಿಆರ್, ಅಂದ್ರೆ ಪಿಆರ್ ಆಗಿದೆ ಅನ್ನೋ ಆನ್‌ಲೈನ್ ಪತ್ರ, ಬಂತು, ಕಾರ್ಡ್ ಪೋಸ್ಟಲ್ಲಿ ನಿಧಾನವಾಗಿ. ಆಗಿಂದಾಗ್ಲೇ ಮಾಡ್ಬೇಕಾದ್ದು ಏನಂದ್ರೆ 9ರಿಂದ ಶುರು ಆಗೋ ಟೆಂಪರರಿ ಸಿನ್ (ಕೆಲಸಕ್ಕೂ ಟ್ಯಾಕ್ಸಿಗೂ ಬೇಕಾದ ಸೋಷಿಯಲ್ ಇನ್ಶೂರೆನ್ಸ್ ನಂಬರ್) ಬದಲಾಯಿಸಿ ಹೊಸದು ತಗೊಳೋದು, ಎಂಪ್ಲಾಯರ್‌ಗೂ ಬ್ಯಾಂಕ್‌ಗೂ ಕೊಡೋದು, ಹೆಲ್ತ್ ಕಾರ್ಡ್ ಅಪ್‌ಡೇಟ್ ಮಾಡ್ಸೋದು. 5 ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರ್ಬೇಕು, ಹಾಗಾಗಿ ಊರಿಗೆ ಹೋಗಿ ಬಂದ ತಾರೀಖುಗಳನ್ನ ಬರೆದಿಟ್ಕೊಳ್ಳಿ.

ಈಗ ಹೊಸಬರಿಗೆ ಇರೋದು ಆರ್‌ಸಿಐಪಿ, ರೂರಲ್ ಕಮ್ಯೂನಿಟಿ ಇಮಿಗ್ರೇಷನ್ ಪೈಲಟ್, 2025ರ ಜನವರಿ ಕೊನೇಲಿ ಘೋಷಣೆ ಆಗಿದ್ದು. 14 ಊರು, ಮ್ಯಾನಿಟೋಬಾದಲ್ಲಿ ಆಲ್ಟೋನಾ/ರೈನ್‌ಲ್ಯಾಂಡ್, ಸ್ಟೈನ್‌ಬ್ಯಾಕ್, ಬ್ರ್ಯಾಂಡನ್. ದೊಡ್ಡ ವ್ಯತ್ಯಾಸ ಏನಂದ್ರೆ ಊರು ಮುಂಚೆನೇ ಒಪ್ಪಿ ಲಿಸ್ಟ್ ಮಾಡಿದ ಎಂಪ್ಲಾಯರ್ ಕೊಟ್ಟ ಆಫರ್ ಮಾತ್ರ ನಡೆಯುತ್ತೆ, ಯಾವ ಕೆಲಸಗಳಿಗೆ ಆದ್ಯತೆ ಅಂತಾನೂ ಊರೇ ಹೇಳುತ್ತೆ. ನಾನು ಹಾಕಿದ ಫಾರಂ ನೋಡ್ಕೊಂಡು ನಿಮ್ಮದು ತುಂಬ್ಬೇಡಿ, ಐಆರ್‌ಸಿಸಿ ಸೈಟೂ ಊರಿನ ಸೈಟೂ ಎರಡೂ ತೆರೆದಿಟ್ಕೊಂಡು ತುಂಬಿ.

ಪಿಆರ್ ಬಂತಲ್ಲ, ಈಗ ಕ್ಯಾಲ್ಗರಿಗೆ ಹೋಗ್ತೀರಾ ಅಂತ ಕೇಳೋರಿಗೆ, ಸದ್ಯಕ್ಕೆ ಲೀಸ್ ಮತ್ತೆ ಮಾಡಿದೀವಿ. ಊರು ನೋಡೋಕೆ ಬರೋರು ದಯವಿಟ್ಟು ಜುಲೈನಲ್ಲಿ ಹೂವು ನೋಡೋಕೆ ಬರ್ಬೇಡಿ, ಜನವರೀಲಿ ಬಂದು ಒಂದು ವಾರ ಇದ್ದು ನೋಡಿ, ಆಮೇಲೆ ಅರ್ಜಿ ಹಾಕಿ. ಬರೋಕೆ ಮುಂಚೆ ಹೇಳಿ, ಊಟ ನಮ್ಮನೇಲಿ. ಬರುವಾಗ ವಿನ್ನಿಪೆಗಲ್ಲಿ ಇಂಡಿಯನ್ ಅಂಗಡಿಗೆ ಹೋಗಿ ರಾಗಿ ಹಿಟ್ಟು ತನ್ನಿ, ದುಡ್ಡು ಕೊಡ್ತೀನಿ.